ಎರಡನೇ ಹಾಡಿಗೆ ಹೊರಡುವ ಬಸ್ಸು

ಹೋದ ಕಾರ್ತಿಕ ಮುಗಿಯುತ್ತ ಬಂದಿದ್ದ ಕಾಲ. ಅರೇಬಿಕಾ ಕಾಫಿ ಹಣ್ಣು ಕೆಂಪಗೆ ತಿರುಗಿ ಎಸ್ಟೇಟುಗಳಲ್ಲಿ ಕೊಯ್ಲು ಹಿಡಿದಿತ್ತು. ಹೊತ್ತು ಬೆಳಗಿನ ಆರು. ಕೈಯಲ್ಲಿ ಹಿಡಿದ ಟೀ ಗ್ಲಾಸು ಕಾಣುತ್ತದೆ, ಗ್ಲಾಸು ಕೊಟ್ಟವನ ಮುಖ ಕಾಣುವುದಿಲ್ಲ, ಅಷ್ಟು ಮಂಜು. ಈ ಸಂಗತಿ ಶುರುವಾದದ್ದು ಅಂಥ ಒಂದು ಬೆಳಿಗ್ಗೆ. ಸಂಗತಿ ಆಮೇಲೆ ಹೇಳಿದರಾಯಿತು, ಮೊದಲು ಮನುಷ್ಯನನ್ನು ನೋಡೋಣ.

ಹಾನುಬಾಳಿನಿಂದ ತುಸು ಆಚೆ, ಮೂರು ರಸ್ತೆ ಕೂಡುವ ಜಾಗದಲ್ಲಿ ನಸ್ರುಲ್ಲಾ ಅವರದೊಂದು ಟೀ ಹೋಟೆಲು. ಬೋರ್ಡು ಇಲ್ಲ. ಯಾರೂ ಕೇಳಲಿಲ್ಲ, ಅವರೂ ಹಾಕಲಿಲ್ಲ. ಅರವತ್ತು ದಾಟಿದ ನಸ್ರುಲ್ಲಾ ಎಡಗಾಲು ಕೊಂಚ ಎಳೆಯುತ್ತ ಬಂದು ಬಾಗಿಲ ಹಲಗೆಗಳನ್ನು ಒಂದೊಂದಾಗಿ ತೆಗೆದು ಗೋಡೆಗೆ ಒರಗಿಸುತ್ತಾರೆ. ಒಲೆಯ ಕಡೆ ಹೋಗುವುದಿಲ್ಲ. ಗೋಡೆಯ ಗೂಡಿನಲ್ಲಿ ಕೂತಿರುವ ರೇಡಿಯೋದ ಕಿವಿ ಹಿಂಡುತ್ತಾರೆ. ರೇಡಿಯೋದಿಂದ ಒಂದು ವೈರು ಆಂಪ್ಲಿಫೈಯರ್ ಡಬ್ಬಿಗೆ, ಅಲ್ಲಿಂದ ಇನ್ನೊಂದು ವೈರು ಕಿಟಕಿ ಹಾದು ಎದುರಿನ ಸಿಲ್ವರ್ ಓಕ್ ಮರ ಹತ್ತಿ, ಮದುವೆ ಮನೆಗಳಲ್ಲಿ ಕಟ್ಟುತ್ತಿದ್ದಂಥ ಹಳೆಯ ಹಾರನ್ ಮೈಕಿಗೆ ಸೇರುತ್ತದೆ. ಗುಂಯ್ ಅಂತ ಒಮ್ಮೆ ನರಳಿ ಮೈಕು ಬಾಯಿ ಬಿಡುತ್ತದೆ. ಹಾಸನದ ರೇಡಿಯೋದ ಬೆಳಗಿನ ದೇವರ ಹಾಡು ಮಂಜಿನೊಳಕ್ಕೆ ಇಳಿಯುತ್ತ ಹೋಗುತ್ತದೆ. ಒಲೆ, ಹಾಲು, ಸಕ್ಕರೆ ಡಬ್ಬಿ ಎಲ್ಲ ಆಮೇಲೆ.

"ಒಲೆ ತಡ ಆದ್ರೆ ಬೈತಾರೆ ಅಷ್ಟೆ. ರೇಡಿಯೋ ತಡ ಆದ್ರೆ ದಾರಿ ತಪ್ತಾರೆ ಕಣ್ರೀ" ಎನ್ನುತ್ತಾರೆ ನಸ್ರುಲ್ಲಾ. ದೊಡ್ಡ ಮಾತು ಹೇಳಿದೆ ಎನ್ನುವ ಭಾವ ಮುಖದಲ್ಲಿಲ್ಲ. ಸಕ್ಕರೆ ಮುಗಿದಿದೆ ಅಂದಷ್ಟೇ ಸಲೀಸಾಗಿ ಹೇಳುತ್ತಾರೆ.

ಮಾತು ಸುಳ್ಳಲ್ಲ. ಗುಡ್ಡದ ಮೇಲೆ ಕೂಲಿಯವರಿರುವ ಲೈನ್ ಮನೆಗಳಿಂದ, ಗದ್ದೆಯಾಚೆಯ ಕೇರಿಗಳಿಂದ ಕೊಯ್ಲಿನ ಹೆಂಗಸರು ಈ ಕೂಡುರಸ್ತೆಗೆ ಇಳಿದು ಬರುವುದು ಕಾಲುದಾರಿಯಲ್ಲಿ. ಮೋರಿಯ ಹತ್ತಿರ ಆ ದಾರಿ ಎರಡಾಗುತ್ತದೆ. ಒಂದು ರಸ್ತೆಗೆ, ಇನ್ನೊಂದು ಸೀದಾ ಹಳ್ಳಕ್ಕೆ. ಹಗಲಲ್ಲಿ ಮಕ್ಕಳೂ ತಪ್ಪುವುದಿಲ್ಲ. ಮಂಜಿನಲ್ಲಿ ಇಲ್ಲೇ ಹುಟ್ಟಿ ಬೆಳೆದವರೂ ತಪ್ಪುತ್ತಾರೆ. ಟಾರ್ಚು ಹಾಕಿದರೆ ಬೆಳಕು ಮಂಜಿಗೆ ಬಡಿದು ಹಾಕಿದವರ ಕಣ್ಣಿಗೇ ವಾಪಸು ಬರುತ್ತದೆ. ಶಬ್ದ ಹಾಗಲ್ಲ, ಅದಕ್ಕೆ ಮಂಜಿನ ಹಂಗಿಲ್ಲ. ಕಿವಿಯನ್ನು ರೇಡಿಯೋ ಕಡೆಗಿಟ್ಟು ನಡೆದರೆ ಕಾಲು ತಾನಾಗಿ ರಸ್ತೆಗೆ ಬರುತ್ತದೆ. ಆನೆ ಈ ಕಡೆ ಇಳಿದಿದೆ ಅಂತ ಸುದ್ದಿ ಬಂದ ದಿನವಂತೂ ಆ ಶಬ್ದವೇ ಜೊತೆ, ಅದೇ ಧೈರ್ಯ.

ದಾರಿ ಮಾತ್ರವಲ್ಲ, ಹೊತ್ತು ಹೇಳುವುದೂ ಈ ರೇಡಿಯೋವೇ. ದೇವರ ಹಾಡು ಮುಗಿದು ಬೇಸಾಯದ ಮಾತು ಶುರುವಾದರೆ ನೀರ್ಗಂಡಿ ಎಸ್ಟೇಟಿನ ಜೀಪು ಹೊರಡುತ್ತದೆ. ವಾರ್ತೆ ಮುಗಿದ ಮೇಲಿನ ಮೊದಲ ಹಾಡಿಗೆ ಹಳೇಬಂಗಲೆ ಎಸ್ಟೇಟಿನ ಜೀಪು. ಎರಡನೇ ಹಾಡಿಗೆ ಸಕಲೇಶಪುರದ ಬಸ್ಸು. ಇದನ್ನು ಯಾರೂ ಕೂತು ಗೊತ್ತು ಮಾಡಲಿಲ್ಲ, ನಡೆದು ನಡೆದು ದಾರಿಯಾದ ಹಾಗೆ ಆಗಿಹೋಯಿತು. ಮೋರಿ ದಾಟುವ ಮೊದಲೇ ಮೊದಲ ಹಾಡಿನ ವಾದ್ಯ ಕೇಳಿಸಿತೆಂದರೆ ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡುತ್ತಾರೆ. ಓಡಿದರೆ ಹಾಡಿನ ನಡುವಿಗೆ ಜೀಪು ಹತ್ತಬಹುದು ಅಂತ ಅವರಿಗೆ ಗೊತ್ತು.

ಹಳೇಬಂಗಲೆ ಜೀಪಿನ ಚಾಲಕ ಯೋಗೇಶ್ ನಗುತ್ತಾನೆ. "ನನ್ನ ಜೀಪಲ್ಲಿ ಗಡಿಯಾರ ಕೆಟ್ಟು ಯಾವ ಕಾಲ ಆಯ್ತೋ. ಸರಿ ಮಾಡ್ಸಿಲ್ಲ. ಕಾಕನ ರೇಡಿಯೋ ಕೆಟ್ರೆ ಮಾತ್ರ ಅವತ್ತೇ ಸರಿ ಆಗ್ಬೇಕು."

ನಸ್ರುಲ್ಲಾ ಅವರೂ ಒಂದು ಕಾಲಕ್ಕೆ ಜೀಪು ಓಡಿಸಿದವರೇ. ಹೆಗ್ಗದ್ದೆ ಕಡೆಯ ತಿರುವುಗಳಲ್ಲಿ ಇಪ್ಪತ್ತು ವರ್ಷ ಎಸ್ಟೇಟಿನ ಜನ, ಗೊಬ್ಬರದ ಮೂಟೆ, ಹೆರಿಗೆ ಬೇನೆಯ ಹೆಂಗಸರು, ಮದುವೆ ಹೆಣ್ಣು, ಎಲ್ಲವನ್ನೂ ಹೊತ್ತು ತಿರುಗಿದ್ದಾರೆ. ಒಂದು ಮಳೆಗಾಲ ಧರೆ ಕುಸಿದು ಜೀಪು ಮಗುಚಿ ಎಡಗಾಲು ಸಿಕ್ಕಿಕೊಂಡಿತು. ಕಾಲು ಉಳಿಯಿತು, ಕ್ಲಚ್ಚು ತುಳಿಯುವ ಬಲ ಉಳಿಯಲಿಲ್ಲ. ಆಗ ಹೆಂಡತಿ ತಾಹಿರಾ ಹೇಳಿದರಂತೆ: "ಜನ ನಿಮ್ಮ ಜೀಪಿಗೆ ಕಾಯ್ತಿದ್ದ ಜಾಗದಲ್ಲೇ ಒಂದು ಒಲೆ ಹಾಕೋಣ. ಕಾಯೋ ಜನ ಕಾಯ್ತಾನೇ ಇರ್ತಾರಲ್ಲ." ಹಾಗೆ ಬಂದದ್ದು ಹೋಟೆಲು. ತಾಹಿರಾ ಮಾಡುವ ಅಕ್ಕಿರೊಟ್ಟಿ, ಕಾಯಿಚಟ್ನಿ, ನಸ್ರುಲ್ಲಾ ಎತ್ತಿ ಹುಯ್ಯುವ ಟೀ. ಕೊಯ್ಲಿನ ದಿನಗಳಲ್ಲಿ ಹೊತ್ತು ಏರುವುದರೊಳಗೆ ನೂರೈವತ್ತು ಗ್ಲಾಸು ಖರ್ಚಾಗುತ್ತದೆ, ಆಷಾಢದ ಮಳೆಯಲ್ಲಿ ಇಪ್ಪತ್ತಕ್ಕೂ ಕಷ್ಟ.

ಮೈಕು ಮರ ಹತ್ತಿದ್ದು ಆಮೇಲೆ. ಹೋಟೆಲು ಇಟ್ಟ ಮೊದಲ ಚಳಿಗಾಲದಲ್ಲಿ ಒಂದು ಬೆಳಿಗ್ಗೆ, ಕೊಯ್ಲು ಗುಂಪಿನ ಮೇಸ್ತ್ರಿ ಹುಲಿಯಮ್ಮ ತನ್ನ ಹೆಂಗಸರನ್ನೆಲ್ಲ ಕರೆದುಕೊಂಡು ಮೋರಿಯ ಹತ್ತಿರ ತಪ್ಪಿ ಹಳ್ಳಕ್ಕೆ ಇಳಿದುಬಿಟ್ಟರು. ಒಬ್ಬಾಕೆ ಜಾರಿ ಕೈ ಮುರಿದುಕೊಂಡಳು. ಕೆಳಗಿನಿಂದ ಕೂಗು ಕೇಳಿಸುತ್ತಿದೆ, ಎಲ್ಲಿಂದ ಅಂತ ತಿಳಿಯುತ್ತಿಲ್ಲ. ನಸ್ರುಲ್ಲಾ ಆಗ ಒಳಗಿದ್ದ ರೇಡಿಯೋ ತಂದು ಹೊರಗಿನ ಬೆಂಚಿನ ಮೇಲಿಟ್ಟು ಪೂರಾ ಜೋರು ಮಾಡಿದರು. ಆ ಶಬ್ದ ಹಿಡಿದುಕೊಂಡೇ ಹೆಂಗಸರು ಹತ್ತಿ ಬಂದರು. ಅದೇ ವಾರ ಸಕಲೇಶಪುರದಲ್ಲಿ ಮೈಕ್ ಸೆಟ್ ಅಂಗಡಿ ಮುಚ್ಚಿದ್ದ ಚಿಕ್ಕಪ್ಪನ ಅಟ್ಟದಿಂದ ಹಾರನ್ ಕೆಳಗಿಳಿಯಿತು. ಅವತ್ತಿನಿಂದ ಇವತ್ತಿನ ತನಕ, ಕರೆಂಟು ಇರಲಿ ಬಿಡಲಿ, ಬ್ಯಾಟರಿ ಹಾಕಿಯಾದರೂ ಸರಿ, ಬೆಳಗಿನ ರೇಡಿಯೋ ತಪ್ಪಿಲ್ಲ. ಇದಕ್ಕೆ ಯಾರೂ ಅವರಿಗೆ ಏನೂ ಕೊಟ್ಟಿಲ್ಲ. ಅವರು ಕೇಳಿಯೂ ಇಲ್ಲ.

ಈಗ ಸಂಗತಿಗೆ ಬರೋಣ.

ಆ ಕಾರ್ತಿಕದ ಬೆಳಿಗ್ಗೆ ಮಂಜಿನೊಳಗಿಂದ ಒಂದು ಬೈಕು ಉಸಿರು ಬಿಡುತ್ತ ಬಂದು ಹೋಟೆಲಿನ ಮುಂದೆ ನಿಂತಿತು. ಇಳಿದವರು ಮೂವತ್ತರ ಆಸುಪಾಸಿನ ನವೀನ್‌ಕುಮಾರ್. ರೈನ್‌ಕೋಟು ತೊಟ್ಟೂ ನೆಂದಿದ್ದರು. ಯಾವುದೋ ಹೋಂಸ್ಟೇ ಹುಡುಕಿಕೊಂಡು ಬಂದು, ಮೊಬೈಲಿಗೆ ಸಿಗ್ನಲ್ ಇಲ್ಲದೆ ಗುಡ್ಡ ಸುತ್ತಿ ಸುತ್ತಿ ಸಾಕಾಗಿತ್ತು.

"ನಿಮ್ಮ ಮೈಕು ಕೇಳಿಸ್ತಲ್ಲ, ಬದುಕಿದೆ ಸಾಬ್ರೇ. ಶಬ್ದ ಹಿಡ್ಕೊಂಡು ಬಂದೆ" ಅಂದರು ನವೀನ್‌ಕುಮಾರ್.

"ಇಲ್ಲಿಗೆ ಎಲ್ರೂ ಹಂಗೇ ಬರೋದು ಸಾರ್. ಕೂತ್ಕೊಳ್ಳಿ" ಎಂದು ನಸ್ರುಲ್ಲಾ ಬಿಸಿ ಗ್ಲಾಸು ಕೈಗಿಟ್ಟರು.

ಟೀ ಕುಡಿದರು, ರೊಟ್ಟಿ ತಿಂದರು, ಮೈ ಬಿಸಿಯಾಯಿತು. ಆಮೇಲೆ ನವೀನ್‌ಕುಮಾರ್ ಸ್ವಲ್ಪ ಹೊತ್ತು ಮೇಲಿನ ಮೈಕನ್ನೂ ಕೆಳಗಿನ ನೆಲವನ್ನೂ ನೋಡಿದರು. ತಮ್ಮ ಕೆಲಸ ಏನು ಅಂತ ಹೇಳಲೇಬೇಕಾಯಿತು. ಹಾಡು ಬರೆದವರು, ರಾಗ ಹಾಕಿದವರು, ಅವರ ಹಕ್ಕು ನೋಡಿಕೊಳ್ಳುವ ಸಂಸ್ಥೆಯೊಂದರ ಪರವಾಗಿ ಊರೂರು ತಿರುಗುವ ಕೆಲಸ. ಹೋಟೆಲು, ರೆಸಾರ್ಟು, ಬಾರು, ಕಟಿಂಗ್ ಶಾಪು, ಎಲ್ಲೆಲ್ಲಿ ಗಿರಾಕಿಗಳ ಕಿವಿಗೆ ಬೀಳುವ ಹಾಗೆ ಹಾಡು ಹಾಕುತ್ತಾರೋ ಅಲ್ಲೆಲ್ಲ ಅದಕ್ಕೊಂದು ಲೈಸೆನ್ಸ್ ಬೇಕು, ವರ್ಷಕ್ಕೊಂದು ಶುಲ್ಕ ಉಂಟು ಅಂತ ತಿಳಿಸುವುದು. ಮನೆಯೊಳಗೆ ಕೇಳಿದರೆ ಯಾರೂ ಕೇಳುವುದಿಲ್ಲ. ಅಂಗಡಿ ಮುಂದೆ ಹತ್ತು ಜನಕ್ಕೆ ಕೇಳಿಸಿದರೆ ಅದು ಬೇರೆ ಲೆಕ್ಕ.

ಜೀಪಿನ ಬಾನೆಟ್ಟಿಗೆ ಒರಗಿ ಕೇಳುತ್ತಿದ್ದ ಯೋಗೇಶ್ ಸುಮ್ಮನಿರಲಿಲ್ಲ. "ಹಾಡು ಹಿಡ್ಕೊಂಡು ದಾರಿ ಕಂಡ್ಕೊಂಡ್ರಿ, ಈಗ ಹಾಡಿಗೇ ಕಂದಾಯ ಅಂತೀರಲ್ಲ ಸಾರ್. ಹಳ್ಳದಲ್ಲೇ ಬಿಟ್ಟಿದ್ರೆ ಚೆನ್ನಾಗಿತ್ತು."

ನಸ್ರುಲ್ಲಾ ಅವನನ್ನು ಕಣ್ಣಲ್ಲೇ ಗದರಿಸಿ, ತಾವು ಕೇಳಬೇಕಾದ್ದನ್ನು ಕೇಳಿದರು. "ರೇಡಿಯೋ ನಾನು ತಂದಿದ್ದು ಸಾರ್. ಕರೆಂಟಿಗೆ ನಾನೇ ಕಟ್ತೀನಿ. ಹಾಡು ಹಾಸನದಿಂದ ಗಾಳೀಲಿ ಬರ್ತೈತೆ. ಇದ್ರಲ್ಲಿ ನಾನು ಯಾರ್ದು ತಗೊಂಡೆ?"

ನವೀನ್‌ಕುಮಾರ್ ದನಿ ಎತ್ತಲಿಲ್ಲ. "ರೇಡಿಯೋದೋರು ಅವರ ಪಾಲು ಕೊಡ್ತಾರೆ ಸಾಬ್ರೇ. ಅಲ್ಲಿಂದ ತಗೊಂಡು ನೀವು ಹೋಟೆಲಲ್ಲಿ ಹತ್ತು ಜನಕ್ಕೆ ಬಡಿಸೋದಕ್ಕೆ ಬೇರೆ ಒಪ್ಪಿಗೆ ಬೇಕು. ಹಾಡಿಗೂ ಒಬ್ಬ ಯಜಮಾನ ಇರ್ತಾನಲ್ವಾ. ನಾನು ದಂಡ ಹಾಕೋಕೆ ಬಂದವನಲ್ಲ, ಹೇಳೋಕೆ ಬಂದವನು. ಯೋಚ್ನೆ ಮಾಡಿ."

"ಮಾತಿಗೆ?" ಎಂದು ಕೇಳಿದರು ನಸ್ರುಲ್ಲಾ. "ವಾರ್ತೆ, ಬೇಸಾಯದ ಮಾತು, ಅವಕ್ಕೆ?"

"ಅದು ನಮಗೆ ಸೇರಿದ್ದಲ್ಲ. ನಮ್ದು ಹಾಡು ಮಾತ್ರ" ಎಂದು ಹೇಳಿ ನವೀನ್‌ಕುಮಾರ್ ಬೈಕು ಹತ್ತಿದರು. ಟೀ ರೊಟ್ಟಿಯ ದುಡ್ಡು ಬೇಡ ಎಂದರೂ ಬೆಂಚಿನ ಮೇಲಿಟ್ಟು ಹೋದರು.

ಬೇರೆ ಯಾರಾದರೂ ಆಗಿದ್ದರೆ ಆ ಮಾತನ್ನು ಗ್ಲಾಸು ತೊಳೆದ ನೀರಿನ ಜೊತೆ ಚೆಲ್ಲಿಬಿಡುತ್ತಿದ್ದರು. ಇಷ್ಟು ದೂರ ಎರಡನೇ ಸಲ ಬಂದು ಕೇಳುವವರಾರು? ಆದರೆ ನಸ್ರುಲ್ಲಾ ಅವರ ಹೋಟೆಲಿನ ಗೋಡೆಯ ಮೊಳೆಗೆ ಒಂದು ಕೊಡೆ ನೇತು ಬಿದ್ದಿದೆ. ಯಾರೋ ಮರೆತು ಹೋದದ್ದು, ಮೂರು ಮಳೆಗಾಲ ಕಂಡಿದೆ. ಜಡಿಮಳೆಯಲ್ಲಿ ತಲೆಗೆ ಗೋಣಿಕೊಪ್ಪೆ ಹಾಕಿಕೊಂಡು ನೆನೆಯುತ್ತ ಮನೆಗೆ ಹೋಗುತ್ತಾರೆ ಹೊರತು ಆ ಕೊಡೆ ಮುಟ್ಟುವುದಿಲ್ಲ. ಅಂಥವರಿಗೆ ಇದು ಗಂಟಲಿಗೆ ಸಿಕ್ಕಿದ ಮುಳ್ಳಾಯಿತು. ರೇಡಿಯೋ ಹಾಕಿದರೆ ಇನ್ನೊಬ್ಬರ ವಸ್ತು ಕೇಳದೆ ಬಳಸಿದಂತೆ. ಹಾಕದಿದ್ದರೆ ಮಂಜಿನಲ್ಲಿ ಹೆಂಗಸರಿಗೆ ದಾರಿಯಿಲ್ಲ.

ರಾತ್ರಿಯೆಲ್ಲ ಹೊರಳಾಡಿ ಬೆಳಿಗ್ಗೆ ಅವರು ಒಂದು ಉಪಾಯ ಕಂಡುಕೊಂಡರು. ಹಾಡಿಗೆ ತಾನೇ ಶುಲ್ಕ? ಮಾತಿಗಿಲ್ಲವಲ್ಲ? ಸರಿ, ಮಾತು ಬಂದಾಗ ಕಿವಿ ತಿರುಗಿಸಿ ಜೋರು ಮಾಡುವುದು, ಹಾಡು ಬಂದಾಗ ಇಳಿಸಿಬಿಡುವುದು. ನ್ಯಾಯವೂ ಉಳಿಯಿತು, ಮೈಕೂ ಉಳಿಯಿತು. ಬಲಗೈಯಲ್ಲಿ ಟೀ, ಎಡಗೈ ರೇಡಿಯೋದ ಕಿವಿಯ ಮೇಲೆ. ವಾದ್ಯದ ಮೊದಲ ಎಳೆ ಹೊರಟಿತೋ ಇಲ್ಲವೋ ಹಾವು ಕಂಡವರ ಹಾಗೆ ತಿರುಪಿಬಿಡುತ್ತಿದ್ದರು.

"ಕಾಕಾ, ರೇಡಿಯೋಗೆ ಗಂಟ್ಲು ಕಟ್ಟೈತಾ? ಸ್ವಲ್ಪ ಶುಂಠಿ ಕಷಾಯ ಹುಯ್ಯಿ" ಎಂದು ಯೋಗೇಶ್ ಛೇಡಿಸಿದ.

"ನೀನು ಸುಮ್ನೆ ಜೀಪು ತೆಗಿಯೋ" ಎಂದರು ನಸ್ರುಲ್ಲಾ.

"ಯಾವಾಗ ತೆಗೀಲಿ? ಮೊದಲ್ನೇ ಹಾಡು ಬಂದ್ರಲ್ವಾ ತೆಗಿಯೋದು?"

ಅದೇ ಎಡವಟ್ಟಾದದ್ದು. ದೇವರ ಹಾಡು ಇಳಿಸಿದರೆ ಬೆಳಗಿನ ಮೊದಲ ಅರ್ಧ ಗಂಟೆ ಮೈಕು ಬಾಯಿಯೇ ಬಿಡುವುದಿಲ್ಲ. ವಾರ್ತೆ ಮುಗಿದ ಮೇಲಂತೂ ಯಾವುದು ಮೊದಲ ಹಾಡು, ಯಾವುದು ಎರಡನೆಯದು, ಕೇಳಿದವರಿಲ್ಲ. ಯೋಗೇಶ್ ಅಂದಾಜಿನ ಮೇಲೆ ಹೊರಡತೊಡಗಿದ. ಎರಡು ದಿನ ಮಂಜು ತೆಳುವಾಗಿತ್ತು, ಹೇಗೋ ನಡೆಯಿತು. ಮೂರನೇ ದಿನ ಮತ್ತೆ ಗೋಡೆಯಂಥ ಮಂಜು. ಹುಲಿಯಮ್ಮ ತನ್ನ ಗುಂಪಿನೊಂದಿಗೆ ಮೋರಿಯ ಹತ್ತಿರ ಬಂದಾಗ ವಾರ್ತೆ ಮುಗಿದು ಮೈಕು ಸುಮ್ಮನಾಯಿತು. ಹಳ್ಳದ ನೆನಪಿದ್ದ ಆಕೆ ಒಂದು ಹೆಜ್ಜೆಯೂ ಮುಂದಿಡಲು ಬಿಡಲಿಲ್ಲ. "ಬರ್ತದೆ, ಈಗ ಬರ್ತದೆ" ಎಂದು ಕಾದರು. ಇಳಿಸಿದ ರೇಡಿಯೋದಲ್ಲಿ ಹಾಡಿನ ಮೇಲೆ ಹಾಡು ಮುಗಿದರೂ ಮೈಕಿನ ಸದ್ದು ಬರಲಿಲ್ಲ. ಬಂದದ್ದು ಯೋಗೇಶನ ಜೀಪು ಹೋಗಿಬಿಟ್ಟ ಸದ್ದು. ಅವತ್ತಿನ ಕೆಲಸ ಹೋಯಿತು. ಗುಂಪಿಗೆ ಗುಂಪೇ ಬುತ್ತಿ ಹೊತ್ತುಕೊಂಡು ಲೈನಿಗೆ ವಾಪಸು ಹತ್ತಿತು.

ಮಧ್ಯಾಹ್ನ ಬಿಸಿಲು ಬಿದ್ದ ಮೇಲೆ ಹುಲಿಯಮ್ಮ ಒಬ್ಬರೇ ಇಳಿದು ಬಂದು ಬೆಂಚಿನ ಮೇಲೆ ಕೂತರು. ಎಲೆಯಡಿಕೆ ಬಿಚ್ಚಿ, ಸುಣ್ಣ ಹಚ್ಚಿ, ಬಾಯಿಗೆ ಹಾಕಿಕೊಂಡರು.

"ನಸ್ರು, ನಿನ್ನ ರೇಡಿಯೋಗೆ ಏನು ಬಂತು ಮಾರಾಯ? ಅರ್ಧ ಮಾತಾಡಿ ಬಾಯಿ ಮುಚ್ಕೊಂಬುಡ್ತದೆ. ಅತ್ತೆ ಬಂದಾಗ ಹೊಸ ಸೊಸೆ ಸುಮ್ನಾಗಲ್ವಾ, ಹಂಗೆ."

ನಸ್ರುಲ್ಲಾ ಎಲ್ಲವನ್ನೂ ಹೇಳಿದರು. ಆಕೆ ಸಿಟ್ಟಾಗುತ್ತಾರೆ ಅಂದುಕೊಂಡಿದ್ದರು. ಹುಲಿಯಮ್ಮ ಎಲೆಯಡಿಕೆಯ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿದರು. ಆಮೇಲೆ, "ಹಾಡಿಗೂ ಯಜಮಾನ್ರು ಇರ್ತಾರೇನೋ?" ಅಂದರು.

"ಇರ್ತಾರಂತೆ ಅಕ್ಕ. ಬರ್ದೋರು, ರಾಗ ಹಾಕ್ದೋರು."

"ಪಾಪ. ಇಷ್ಟು ವರ್ಷ ಅವರ ಹಾಡು ಹಿಡ್ಕೊಂಡೇ ನಡ್ದಿದೀವಿ. ಅವ್ರಿಗೆ ಗೊತ್ತೇ ಇಲ್ಲ."

ಮಾರನೇ ದಿನವೂ ಮಂಜು ಹಾಗೇ ಇತ್ತು. ನಸ್ರುಲ್ಲಾ ಅವರ ಎಡಗೈ ರೇಡಿಯೋದ ಕಿವಿಯ ಮೇಲೇ ಇತ್ತು. ವಾರ್ತೆ ಮುಗಿಯಿತು. ಹಾಡಿನ ವಾದ್ಯ ಎದ್ದಿತು, ಇಳಿಸಿದರು. ಅಷ್ಟರಲ್ಲಿ ಮೋರಿಯ ಕಡೆಯಿಂದ, ಮಂಜಿನೊಳಗಿಂದ, ಅದೇ ಹಾಡು ಮುಂದುವರಿಯಿತು. ಮೊದಲು ಒಂದು ಒರಟು ದನಿ, ಅದು ಹುಲಿಯಮ್ಮನದು. ಹಿಂದೆ ನಾಲ್ಕು, ಹಿಂದೆ ಹತ್ತು. ವಾದ್ಯದ ಒಂದೆಳೆ ಕೇಳಿದ್ದೇ ಸಾಕಾಗಿತ್ತು ಅವರಿಗೆ. ದಿಕ್ಕು ಹಿಡಿದುಕೊಂಡು, ಹಿಂದಿನವರು ಮುಂದಿನವರ ದನಿ ಹಿಡಿದುಕೊಂಡು, ಸಾಲಾಗಿ ಹಾಡುತ್ತ ಬರುತ್ತಿದ್ದಾರೆ. ಗೊತ್ತಿಲ್ಲದ ಸಾಲಿನಲ್ಲಿ ಲಾಲಾ ಅಂತ ತುಂಬಿಸುತ್ತಾರೆ, ಮತ್ತೆ ಗೊತ್ತಿರುವ ಸಾಲಿಗೆ ಒಟ್ಟಾಗಿ ಬಂದು ಬೀಳುತ್ತಾರೆ. ನಸ್ರುಲ್ಲಾ ಟೀ ಎತ್ತುವುದು ನಿಲ್ಲಿಸಿದರು. ಹಾಡು ಮುಗಿಯಿತೇನೋ ಅಂತ ಕಿವಿ ತಿರುಗಿಸಿ ನೋಡಿದರೆ, ರೇಡಿಯೋ ಕೊನೆಯ ಸಾಲಿನಲ್ಲಿತ್ತು, ಹೆಂಗಸರು ಅದಕ್ಕಿಂತ ಒಂದು ಸಾಲು ಹಿಂದಿದ್ದರು. ಇಷ್ಟು ಹೊತ್ತು ಒಂದನ್ನೊಂದು ಕೇಳದೆ ಬಂದ ಎರಡು ಹಾಡಿನ ನಡುವೆ ಅಷ್ಟೇ ಅಂತರ.

"ನನಗೆ ನಗು ಬಂತು, ಜೊತೆಗೆ ನಾಚಿಕೇನೂ ಆಯ್ತು. ಆ ಮಂಜಲ್ಲಿ ಹಾಡ್ಕೊಂಡು ಬರೋ ಗತಿ ತಂದಿಟ್ಟೆನಲ್ಲ ಅಂತ" ಎನ್ನುತ್ತಾರೆ ನಸ್ರುಲ್ಲಾ.

ಒಳಗೆ ರೊಟ್ಟಿ ತಟ್ಟುತ್ತಿದ್ದ ತಾಹಿರಾ ಅಲ್ಲಿಯತನಕ ಈ ವಿಷಯಕ್ಕೆ ಬಾಯಿ ಹಾಕಿರಲಿಲ್ಲ. ಅವತ್ತು ಕೈಯ ಹಿಟ್ಟು ಒರೆಸಿಕೊಂಡು ಹೊರಗೆ ಬಂದರು. "ಹಾಲು ತರೋರಿಗೆ ಕೊಡ್ತೀವಿ. ಸೌದೆ ತರೋರಿಗೆ ಕೊಡ್ತೀವಿ. ಹಾಡು ಕೊಡೋರು ಕಣ್ಣಿಗೆ ಕಾಣಲ್ಲ ಅಂತ ಅವ್ರಿಗೆ ಮಾತ್ರ ಯಾಕೆ ಬೇಡ? ಆ ಕಿವಿ ಬಿಟ್ಟುಬಿಡಿ, ಕಿತ್ತು ಬಂದೀತು. ಆ ಹುಡುಗನ್ನ ಕರೆಸಿ."

ಕರೆಸುವ ಅಗತ್ಯ ಬೀಳಲಿಲ್ಲ. ನವೀನ್‌ಕುಮಾರ್ ತಾವಾಗಿಯೇ ಬಂದರು. ಹಿಂದಿನ ದಿನ ಒಂದು ರೆಸಾರ್ಟಿನಲ್ಲಿ ಗೇಟಿನ ಹೊರಗೆ ನಿಲ್ಲಿಸಿ, ನಾಯಿ ಬಿಡುತ್ತೇವೆ ಅಂದಿದ್ದರಂತೆ. "ಈ ಕಡೆ ಬಂದ್ರೆ ಕೂತ್ಕೊಳ್ಳಿ ಅನ್ನೋದು ನೀವೊಬ್ರೇ ಸಾಬ್ರೇ" ಎಂದು ಕೂತರು. ಕೂತವರು ನಸ್ರುಲ್ಲಾ ಅವರ ಎಡಗೈಯನ್ನು ನೋಡಿದರು. ಅಭ್ಯಾಸ ಬಲ, ಅದಿನ್ನೂ ಅಲ್ಲೇ ಇತ್ತು. ಉಪಾಯ ಏನೆಂದು ತಿಳಿದಾಗ ಅವರಿಗೆ ನಗು ತಡೆಯಲಾಗಲಿಲ್ಲ.

"ಅಲ್ಲ ಸಾಬ್ರೇ, ಜಾಹೀರಾತಲ್ಲಿ ಹಾಡು ಇರಲ್ವಾ? ಬೇಸಾಯದ ಮಾತಿಗೆ ಮುಂಚೆ ಒಂದು ರಾಗ ಬರಲ್ವಾ? ಅದನ್ನೂ ಯಾರೋ ಕೂತು ಮಾಡಿರ್ತಾರಲ್ಲ."

ನಸ್ರುಲ್ಲಾ ಅವರ ಮುಖ ಬಿಳಿಚಿಕೊಂಡಿತು. ಆ ರಾಗವನ್ನು ಅವರು ಒಂದು ದಿನವೂ ಇಳಿಸಿರಲಿಲ್ಲ. ಅದು ಮಾತಿನ ಬಾಲ ಅಂದುಕೊಂಡಿದ್ದರು. "ಹಂಗಾದ್ರೆ ಅಷ್ಟು ದಿವ್ಸದ್ದು ಏನಾಯ್ತು ಸಾರ್? ಅದಕ್ಕೂ ಸೇರಿಸ್ಬಿಡಿ" ಎಂದರು. ನವೀನ್‌ಕುಮಾರ್ ನಗು ನಿಲ್ಲಿಸಿದರು. ಇಷ್ಟು ವರ್ಷದ ಓಡಾಟದಲ್ಲಿ ಹಾಗೆ ಕೇಳಿದವರು ಯಾರೂ ಇರಲಿಲ್ಲ. "ಹಿಂದಿಂದು ಬೇಡ, ಇವತ್ತಿಂದ ಶುರು ಮಾಡೋಣ" ಎಂದು ಅಲ್ಲೇ ಬೆಂಚಿನ ಮೇಲೆ ಕೂತು, ತುಂಬಬೇಕಾದ್ದನ್ನು ತುಂಬಿ, ಸಣ್ಣ ಹೋಟೆಲಿಗೆ ಎಷ್ಟೋ ಅಷ್ಟನ್ನೇ ಲೆಕ್ಕ ಹಾಕಿದರು.

ಸಣ್ಣದೆಂದರೂ ಈ ಒಲೆಗೆ ಅದು ಭಾರವೇ. ಜೀಪಿನವರು ನಾವೆಲ್ಲ ಸೇರಿ ಹಾಕುತ್ತೇವೆ ಎಂದರು. ನಸ್ರುಲ್ಲಾ ಒಪ್ಪಲಿಲ್ಲ. "ಟೀ ಕುಡಿದ್ರೆ ಟೀಗೆ ಕೊಡಿ. ಮೈಕು ಕಟ್ಟಿದ್ದು ನಾನು" ಎಂದರು. ಹುಲಿಯಮ್ಮ ಮಾತ್ರ ಹೇಳಲೂ ಇಲ್ಲ, ಕೇಳಲೂ ಇಲ್ಲ. ಮರುದಿನ ಬೆಳಿಗ್ಗೆ ಅವರ ಗುಂಪು ಇಳಿದು ಬಂದಾಗ ಒಬ್ಬೊಬ್ಬರ ಕಂಕುಳಲ್ಲಿ ಒಂದೊಂದು ಒಣಗಿದ ಕಾಫಿ ಕೊಂಬೆ. ಕಸಿಯ ಕಾಲಕ್ಕೆ ಗಿಡ ಸವರಿದಾಗ ಇಳಿದದ್ದು, ಲೈನಿನ ಸೂರಿನಡಿ ವರ್ಷವಿಡೀ ಪೇರಿಸಿಟ್ಟದ್ದು. ಕಾಫಿ ಸೌದೆಯ ಕಾವು ಎಂಥದೆಂದು ಒಲೆ ಊದಿದವರಿಗೆ ಗೊತ್ತು. ಹೋಟೆಲಿನ ಗೋಡೆಗೆ ಒಂದೊಂದನ್ನೇ ಒರಗಿಸಿ ಜೀಪು ಹತ್ತಿದರು.

"ಇದೇನಕ್ಕ?" ಎಂದು ನಸ್ರುಲ್ಲಾ ಕೇಳಿದ್ದಕ್ಕೆ, "ನಿನಗಲ್ಲ ಸುಮ್ನಿರು. ಹಾಡಿನ ಯಜಮಾನ್ರಿಗೆ. ಅವ್ರ ಮನೆ ನಮಗೆ ಗೊತ್ತಿಲ್ಲ, ನಿನಗೆ ಗೊತ್ತಾಯ್ತಲ್ಲ, ಕಳಿಸು" ಎಂದರು ಹುಲಿಯಮ್ಮ.

ನಸ್ರುಲ್ಲಾ ಕೊಂಬೆಗಳನ್ನು ಒಳಗೆ ಒಯ್ದು ಒಲೆಯ ಪಕ್ಕ ಪೇರಿಸಿದರು. ಕೊಂಬೆ ಈಗಲೂ ಬರುತ್ತಿದೆ. ಸೌದೆ ಗಾಡಿಗೆ ಹೇಳಿಕಳಿಸುವುದು ಕಡಿಮೆಯಾಗಿದೆ, ಅಲ್ಲಿ ಉಳಿದದ್ದು ಶುಲ್ಕಕ್ಕೆ ಹೋಗುತ್ತದೆ. ಲೈಸೆನ್ಸಿನ ಹಾಳೆ ರೇಡಿಯೋದ ಕೆಳಗೆ, ಯಾರದೋ ಕೊಡೆಯ ಪಕ್ಕದಲ್ಲಿ, ಪ್ಲಾಸ್ಟಿಕ್ ಹೊದ್ದು ನೇತಾಡುತ್ತಿದೆ. ದೇವರ ಹಾಡಿನಿಂದ ಎರಡನೇ ಹಾಡಿನ ತನಕ ಮೈಕು ಮತ್ತೆ ತುಂಬಿದ ಬಾಯಲ್ಲಿ ಹಾಡುತ್ತಿದೆ.

ಬದಲಾದದ್ದು ಇನ್ನೊಂದುಂಟು, ಅದನ್ನು ಅವರು ಕೇಳಿದರೆ ಮಾತ್ರ ಹೇಳುತ್ತಾರೆ. ಸಿನಿಮಾ ಹಾಡು ಹಾಕುವ ಮುಂಚೆ ರೇಡಿಯೋದಾಕೆ ಹೆಸರು ಓದುತ್ತಾಳೆ: ಬರೆದವರು ಇಂಥವರು, ಸಂಗೀತ ಇಂಥವರದು, ಹಾಡಿದವರು ಇಂಥವರು. ಮೊದಲೆಲ್ಲ ಅದು ನಸ್ರುಲ್ಲಾ ಅವರಿಗೆ ಗ್ಲಾಸು ತೊಳೆಯುವ ಹೊತ್ತು. ಗಲಗಲ ಸದ್ದಿನಲ್ಲಿ ಹೆಸರು ಮುಳುಗಿ ಹೋಗುತ್ತಿತ್ತು.

"ಈಗ ಹೆಸ್ರು ಹೇಳೋವಾಗ ಟೀ ಎತ್ತಲ್ಲ, ಗ್ಲಾಸು ಮುಟ್ಟಲ್ಲ. ಯೋಗೇಶನಿಗೂ ಹೇಳಿವ್ನಿ, ಹೆಸ್ರು ಮುಗಿಯೋ ತನಕ ಇಂಜಿನ್ ಹಚ್ಬೇಡ ಕಣೋ ಅಂತ. ದಿನಾ ಅವರ ಹಾಡಲ್ಲಿ ವ್ಯಾಪಾರ ಮಾಡ್ತೀವಿ, ಹೆಸ್ರಾದ್ರೂ ಕೇಳ್ಬೇಕಲ್ವಾ?"

ಇನ್ನೇನಾದರೂ ಆಗಬೇಕು ಅಂತ ಆಸೆ ಉಂಟೇ ಎಂದರೆ ಮರದ ಮೇಲಿನ ಮೈಕನ್ನು ನೋಡುತ್ತ ಸ್ವಲ್ಪ ಯೋಚಿಸುತ್ತಾರೆ. "ರೇಡಿಯೋದ ಅಮ್ಮ ಆ ಹೆಸ್ರು ಸ್ವಲ್ಪ ನಿಧಾನಕ್ಕೆ ಹೇಳಿದ್ರೆ ಸಾಕು. ನಮ್ಮ ಹೆಂಗಸ್ರು ಆವಾಗ ಇಳಿಜಾರಲ್ಲಿ ಇರ್ತಾರೆ. ಅವ್ರಿಗೂ ಕೇಳಿಸ್ಬೇಕು."

ಈಗ ರೊಬಸ್ಟಾ ಕೊಯ್ಲೂ ಮುಗಿದು, ತೋಟಗಳು ಕಾಫಿ ಹೂ ಅರಳಿಸುವ ಮಳೆಗೆ ಕಾಯುತ್ತಿವೆ. ಮಂಜು ತೆಳುವಾಗಿದೆ. ನವೀನ್‌ಕುಮಾರ್ ಅವರಿಗೆ ಶಿವಮೊಗ್ಗದ ಕಡೆಗೆ ವರ್ಗವಾಯಿತು. ಹೇಳಿ ಹೋಗೋಣವೆಂದು ಹಿಂದಿನ ಸಂಜೆಯೇ ಬಂದು ಹಾನುಬಾಳಿನಲ್ಲಿ ಉಳಿದಿದ್ದರು. ಬೈಕು ಮೊದಲೇ ಲಾರಿಯಲ್ಲಿ ಹೋಗಿದ್ದರಿಂದ ಬೆಳಿಗ್ಗೆ ಚೀಲ ಹಿಡಿದು ನಡೆದೇ ಬಂದರು. ತಾಹಿರಾ ದಾರಿಗೆಂದು ರೊಟ್ಟಿ ಕಟ್ಟಿಕೊಟ್ಟರು. ಟೀಯ ದುಡ್ಡನ್ನು ಅವರು ಬೆಂಚಿನ ಮೇಲಿಡಲು ಹೋದಾಗ ನಸ್ರುಲ್ಲಾ ಕೈ ಅಡ್ಡ ಹಿಡಿದರು. "ಇವತ್ತೊಂದಿನ ಬಿಡಿ ಸಾರ್. ಯಾವ ಯಜಮಾನನೂ ಕೇಳಲ್ಲ."

"ಬಸ್ಸು ಎಷ್ಟು ಗಂಟೆಗೆ ಸಾಬ್ರೇ?" ಎಂದು ಕೇಳಿದರು ನವೀನ್‌ಕುಮಾರ್.

ಯೋಗೇಶ್ ಜೀಪಿನೊಳಗಿಂದಲೇ ನಕ್ಕ. "ಇಷ್ಟು ಸಲ ಬಂದ್ರಿ, ಇನ್ನೂ ಗಂಟೆ ಕೇಳ್ತೀರಲ್ಲ ಸಾರ್."

ವಾರ್ತೆ ಮುಗಿಯಿತು. ಮೊದಲ ಹಾಡಿಗೆ ಹುಲಿಯಮ್ಮನ ಗುಂಪು ಜೀಪು ಹತ್ತಿತು. ಹುಲಿಯಮ್ಮ ಹಿಂದಿನ ಸೀಟಿನಿಂದ ಕೈಯೆತ್ತಿ, "ಹೋಗ್ಬಾ ಮಗಾ, ಯಜಮಾನ್ರು ಸಿಕ್ರೆ ನಾವು ಕೇಳ್ದೋ ಅಂತ ಹೇಳು" ಅಂದರು. ಆಮೇಲೆ ರೇಡಿಯೋದಾಕೆ ಎರಡನೇ ಹಾಡಿನ ಹೆಸರುಗಳನ್ನು ಓದತೊಡಗಿದಳು. ಬಂದು ನಿಂತ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲು, ನೆಲದ ಮೇಲೆ ಒಂದು ಕಾಲು ಇಟ್ಟುಕೊಂಡು ನವೀನ್‌ಕುಮಾರ್ ನಿಂತರು. ನಸ್ರುಲ್ಲಾ ಗ್ಲಾಸು ಕೆಳಗಿಟ್ಟರು. ಬರೆದವರು, ರಾಗ ಹಾಕಿದವರು, ಹಾಡಿದವರು, ಎಲ್ಲರ ಹೆಸರೂ ಮುಗಿಯುವ ತನಕ ಯಾರೂ ಮಾತಾಡಲಿಲ್ಲ. ವಾದ್ಯ ಎದ್ದಿತು. ಬಸ್ಸು ಹೊರಟಿತು.